ಬಡಿತ ಸಿಕ್ಕಿತು, ಜಾಗ ಮಾತ್ರ ತಪ್ಪು

ಪ್ರಶ್ನೆ: ನಿರ್ವಾತದಲ್ಲಿ ಶಬ್ದವೇ ಇಲ್ಲ. ಗಗನನೌಕೆಗೆ ಕಸದ ಚೂರು ಬಡಿದದ್ದು ಸೆನ್ಸರ್‌ಗೆ ಹೇಗೆ ಕೇಳುತ್ತದೆ? (ಶಿರಸಿ)

ಉತ್ತರ: ಮತ್ತದೇ ಪ್ರಶ್ನೆ! ಸೆನ್ಸರ್ ಅಂಟಿರುವುದು ನೌಕೆಯ ಗೋಡೆಗೆ. ಕಂಪನ ಓಡುವುದು ಆ ಲೋಹದೊಳಗೆ. ಮುಂದಿನದು.

ಪ್ರಶ್ನೆ: 60 ಸೆಂ.ಮೀ. ಚೌಕದ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆಗೆ ಮೂರು ಪಿಯಜೋ ಬಿಲ್ಲೆ (ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಬಿಲ್ಲೆ) ಅಂಟಿಸಿ ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೊಟ್ಟಿದ್ದೇವೆ. ಯಾವ ಬಿಲ್ಲೆಗೆ ಕಂಪನ ಎಷ್ಟು ತಡವಾಗಿ ತಲುಪಿತು ಎಂಬುದರಿಂದ ಬಡಿದ ಜಾಗ ಲೆಕ್ಕ ಹಾಕುತ್ತೇವೆ. ಉಕ್ಕಿನ ಗುಂಡು ಬೀಳಿಸಿದರೆ ಜಾಗ ಎಲ್ಲೆಲ್ಲೋ ತೋರಿಸುತ್ತದೆ. ಸೂತ್ರ ತಪ್ಪೇ? (ಕುಮಟಾ)

ಉತ್ತರ: ಸೂತ್ರದ ತಂಟೆಗೆ ಹೋಗಬೇಡಿ. ಊನೋ ಒಂದು ಪಿನ್ ಓದಲು ಸುಮಾರು 100 ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತದೆ, ಅದೂ ಒಂದಾದ ಮೇಲೊಂದು. ಹಾಳೆಯಲ್ಲಿ ವೇಗದ ಅಲೆ ಸೆಕೆಂಡಿಗೆ 5 ಕಿ.ಮೀ.ಗೂ ಹೆಚ್ಚು ಓಡುತ್ತದೆ. ಮೊದಲ ಪಿನ್ ಓದುವಷ್ಟರಲ್ಲಿ ಅದು ಅರ್ಧ ಮೀಟರ್ ದಾಟಿ, ಅಂಚಿಗೆ ಬಡಿದು ವಾಪಸ್ ಹೊರಟಿರುತ್ತದೆ. ಕಾಲೇಜಿನ ನಾಲ್ಕು ಚಾನೆಲ್ ಆಸಿಲೋಸ್ಕೋಪ್ (ನಾಲ್ಕು ಸಂಕೇತಗಳನ್ನು ಒಟ್ಟಿಗೇ ದಾಖಲಿಸುವ ಯಂತ್ರ) ಕೇಳಿ ತನ್ನಿ. 1 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಸಲ, ಓದಿದರೆ ಒಂದು ಸ್ಯಾಂಪಲ್ಲಿಗೆ 5 ಮಿ.ಮೀ. ಲೆಕ್ಕ.

ಇಷ್ಟಕ್ಕೇ ಸರಿಹೋಗದು. ಗುಂಡು ಎಬ್ಬಿಸುವುದು ಹೆಚ್ಚಾಗಿ ಬಾಗುವ ಅಲೆ, ಅಂದರೆ ಹಾಳೆಯನ್ನು ಮೇಲೆ ಕೆಳಗೆ ಬಾಗಿಸುತ್ತ ಸಾಗುವ ನಿಧಾನದ ಅಲೆ. 10 ಕಿಲೋಹರ್ಟ್ಸ್‌ನಲ್ಲಿ, ನಿಮ್ಮ ಹಾಳೆಯಲ್ಲಿ, ಅದು ಸೆಕೆಂಡಿಗೆ 900 ಮೀಟರನ್ನೂ ಮುಟ್ಟದು. ಆವರ್ತನ ಏರಿದಂತೆ ವೇಗವೂ ಏರುತ್ತದೆ. ಹತ್ತಿರದ ಬಿಲ್ಲೆ ವೇಗದ ಅಲೆಗೇ ಎಚ್ಚರವಾಗುತ್ತದೆ. ದೂರದ್ದಕ್ಕೆ ಆ ಅಲೆ ಸೊರಗಿ ತಲುಪಿ, ಬಿಲ್ಲೆ ಎಚ್ಚರವಾಗುವ ಮಿತಿ ದಾಟದೆ, ಹಿಂದಿನಿಂದ ಬರುವ ಬಾಗುವ ಅಲೆಯೇ ಲೆಕ್ಕಕ್ಕೆ ಸಿಗುತ್ತದೆ. ನೀವು ಎರಡಕ್ಕೂ ಒಂದೇ ವೇಗ ಹಾಕಿದ್ದೀರಿ. ಕಿರಿದಾದ ಒಂದು ಆವರ್ತನ ಪಟ್ಟಿಯನ್ನಷ್ಟೇ ಫಿಲ್ಟರ್ ಮಾಡಿ, ಅದರ ವೇಗವನ್ನು ನೀವೇ ಅಳೆಯಿರಿ: ಕ್ಲಿಕ್ ಪೆನ್ಸಿಲ್‌ನ 0.5 ಮಿ.ಮೀ., 2ಎಚ್ ಕಡ್ಡಿಯನ್ನು 3 ಮಿ.ಮೀ. ಹೊರಗಿಟ್ಟು, ಗೊತ್ತಿರುವ ಜಾಗದಲ್ಲಿ ಓರೆಯಾಗಿ ಒತ್ತಿ ಮುರಿಯಿರಿ. ಎರಡು ಬಿಲ್ಲೆಗಳ ದೂರದ ವ್ಯತ್ಯಾಸವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಿದರೆ ಮುಗಿಯಿತು.

ನಾಲ್ಕನೇ ಬಿಲ್ಲೆ ಹಾಕಿ. ಮೂರರಲ್ಲಿ ಕೆಲವೊಮ್ಮೆ ಎರಡು ಉತ್ತರ ಬರುತ್ತವೆ. ಡಬಲ್ ಟೇಪ್ ಕಿತ್ತೆಸೆಯಿರಿ, ಅದು ಮೇಲಿನ ಆವರ್ತನಗಳನ್ನೆಲ್ಲ ನುಂಗುತ್ತದೆ. ಫೆವಿಕ್ವಿಕ್, ತೆಳ್ಳಗೆ. ಮಳೆಗಾಲದಲ್ಲಿ ತಗಡಿನ ಮಾಡಿನಡಿ ಪ್ರಯೋಗ ಇಡಬೇಡಿ ಮಾರಾಯ್ರೆ.

ಪ್ರಶ್ನೆ: ಸಂಕೇತ ಬಂತೆಂದರೆ ತೂತು ಬಿತ್ತೆಂದೇ? (ಹೊನ್ನಾವರ)

ಉತ್ತರ: ಅಲ್ಲ. 2003ರಲ್ಲಿ ನಾಸಾದ ಷಟಲ್ ಗಗನನೌಕೆ ಕೊಲಂಬಿಯಾ ದುರಂತಕ್ಕೀಡಾದ ನಂತರ, 2005ರಿಂದ ಷಟಲ್‌ನ ಒಂದೊಂದು ರೆಕ್ಕೆಯ ಮುಂದಿನ ಅಂಚಿನ ಹಿಂದೆ 66 ಕಂಪನಮಾಪಕ ಕೂರಿಸಿದ್ದರು. ಅವು ‘ಇಲ್ಲಿ ನೋಡಿ’ ಎನ್ನುತ್ತಿದ್ದವು, ಅಷ್ಟೇ. ಹಾನಿ ಆಗಿದೆಯೋ ಇಲ್ಲವೋ ಎಂದು ನೋಡುವ ಕೆಲಸ ಉದ್ದ ತೋಳಿನ ತುದಿಯ ಕ್ಯಾಮೆರಾದ್ದು.

ಪ್ರಶ್ನೆ: ಇದನ್ನೇ ಮಾಡುವ ಮೊಬೈಲ್ ಆ್ಯಪ್ ಮಾರುತ್ತಿದ್ದಾರೆ, ಕೊಳ್ಳಬಹುದೇ? (ಅಂಕೋಲಾ)

ಉತ್ತರ: ಶುದ್ಧ ಮೋಸ. ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ತೆಗೆಯುವ ಫೋನ್ 24 ಕಿಲೋಹರ್ಟ್ಸ್ ಆಚೆ ಏನನ್ನೂ ಹಿಡಿಯದು. ಇಂಥ ಬಡಿತ ಹಿಡಿಯುವ ಹಲವು ಸೆನ್ಸರ್‌ಗಳು ಕೆಲಸ ಮಾಡುವುದು ನೂರಾರು ಕಿಲೋಹರ್ಟ್ಸ್‌ನಲ್ಲಿ. ಆ ದುಡ್ಡಿಗೆ ಇನ್ನೆರಡು ಡಜನ್ ಬಿಲ್ಲೆ ತನ್ನಿ.