ಕಾಲಿಂಗ್ ಬೆಲ್ಲಿನ ವೈರಿಗೆ ಕೆಪಾಸಿಟರ್ ಹಾಕಿಸಬೇಡಿ

ವಿಡಿಯೊ ಡೋರ್‌ಬೆಲ್ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ರಾಗದವು. ಬಾಗಿಲಲ್ಲಿ ಬಟನ್ ಒತ್ತಿದರೆ ಫೋನು ಕೂಗುತ್ತದೆ, ಮನೆಯೊಳಗೆ ಡಿಂಗ್ ಡಾಂಗ್ ಅನ್ನುವ ಪೆಟ್ಟಿಗೆ, ಅಂದರೆ ಚೈಮ್, ಕೂಗುವುದಿಲ್ಲ. ಇದಕ್ಕೆ ಹಿಂದೆ ಎರಡು ಸಲ ಚಿಕ್ಕದಾಗಿ ಉತ್ತರ ಬರೆದಿದ್ದೆ. ಓದಿದವರೇ ಮರುದಿನ ಹೋಗಿ ಅಂಗಡಿಯವನ ಮಾತು ಕೇಳಿಕೊಂಡು ಬಂದರು. ಹಾಗಾಗಿ ಈ ಸಲ ಒಂದೇ ಪತ್ರಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಆ್ಯಪ್ ಇಳಿಸಿಕೊಳ್ಳುವುದು, ಪಾಸ್‌ವರ್ಡ್ ಹಾಕುವುದು ಡಬ್ಬಿಯೊಳಗಿನ ಪುಸ್ತಕದಲ್ಲೇ ಇದೆ. ಅದನ್ನು ಇಲ್ಲಿ ಕೇಳಬೇಡಿ.

ಪ್ರಶ್ನೆ: ಮಗ ಅಮೆರಿಕಾದಿಂದ ವೈರಿನ ವಿಡಿಯೊ ಡೋರ್‌ಬೆಲ್ಲು, ಅದರ ಚೈಮ್ ಪೆಟ್ಟಿಗಿ ಎರಡೂ ತಂದಾನ್ರಿ. ನಮ್ಮ ವೈರ್‌ಮನ್ 9-0-9, 500 ಮಿಲಿ ಆಂಪಿಯರ್ ಟ್ರಾನ್ಸ್‌ಫಾರ್ಮರ್ ತಂದು, ಹಳೇ ಬೆಲ್ಲಿನ ವೈರಿಗೇ ಕೂಡಿಸ್ಯಾನ. ಮುಂಜಾನೆ ಡಿಂಗ್ ಡಾಂಗ್ ಚಲೋ ಬರ್ತೈತಿ. ಸಂಜಿಗೆ ಒತ್ತಿದ್ರ ಒಳಗ ಗುಂಯ್ ಅಂತೈತಿ ಅಷ್ಟ, ಒಮ್ಮೊಮ್ಮೆ ಕ್ಯಾಮೆರಾನ ಬಂದ್ ಆಗಿ ಮತ್ತ ಚಾಲೂ ಆಗ್ತೈತಿ. ಈಗ ಟ್ರಾನ್ಸ್‌ಫಾರ್ಮರ್ ತಗದು ಕೆಪಾಸಿಟರ್ ಹಾಕ್ತೀನಿ, ಪವರ್ ಜಾಸ್ತಿ ಸಿಗ್ತೈತಿ ಅಂತಾನ. ಹಾಕಿಸಬಹುದೇನ್ರಿ ಸರ?
(ನಿವೃತ್ತ ಶಿಕ್ಷಕರು, ಗಂಗಾವತಿ)

ಉತ್ತರ: ಹಾಕಿಸಬೇಡಿ ಮೇಷ್ಟ್ರೇ. ಮೊದಲು ಆ ಬೆಲ್ಲಿಗೆ ಹೋಗುವ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್ಚು) ಇಳಿಸಿ ಬನ್ನಿ, ಆಮೇಲೆ ಮುಂದಕ್ಕೆ ಓದಿ.

ನಮ್ಮ ಕಡೆ ಕಾಲಿಂಗ್ ಬೆಲ್ ಅಂದರೆ ನೇರ 230 ವೋಲ್ಟಿನ ಸಾಮಾನು. ಬಾಗಿಲ ಹೊರಗಿನ ಬಟನ್ನಿಗೆ ಬರುವುದು ಫ್ಯಾನಿಗೂ ಫ್ರಿಜ್ಜಿಗೂ ಹೋಗುವ ಅದೇ ಫೇಸ್. ಅಮೆರಿಕದ ಮನೆಗಳಲ್ಲಿ ಹಾಗಲ್ಲ. ಅಲ್ಲಿ ಗೋಡೆಯ ಕರೆಂಟೇ 120 ವೋಲ್ಟ್, ಬೆಲ್ಲಿನ ವೈರಿಗೆ ಅದೂ ಹೋಗುವುದಿಲ್ಲ. ಸಣ್ಣ ಟ್ರಾನ್ಸ್‌ಫಾರ್ಮರ್ ಒಂದು ಅದನ್ನು ಸಾಮಾನ್ಯವಾಗಿ 16 ವೋಲ್ಟಿಗೆ ಇಳಿಸಿ ಕಳಿಸುತ್ತದೆ. ರಿಂಗ್, ನೆಸ್ಟ್ ಕಂಪನಿಗಳ ವೈರಿನ ಡೋರ್‌ಬೆಲ್‌ಗಳು 16ರಿಂದ 24 ವೋಲ್ಟ್ ಎಸಿ ನಂಬಿಕೊಂಡು ತಯಾರಾಗಿರುವುದು ಆ ಮನೆಗಳನ್ನು ನೋಡಿಯೇ. ಅವನ್ನು ನಮ್ಮ ಹಳೇ ಸ್ವಿಚ್ಚಿನ ಜಾಗಕ್ಕೆ ನೇರ ಕೂಡಿಸಿದವರಿದ್ದಾರೆ. ಸಾವಿರಾರು ರೂಪಾಯಿಯ ಸಾಮಾನು ಒಂದು ಕ್ಷಣದಲ್ಲಿ ಸುಟ್ಟಿದೆ. ನಿಮ್ಮ ಮಗ ಅಲ್ಲಿನ ಟ್ರಾನ್ಸ್‌ಫಾರ್ಮರ್ ಕೂಡ ತಂದಿದ್ದರೆ ಅದನ್ನು ಇಲ್ಲಿ ಪ್ಲಗ್ಗಿಗೆ ಹಾಕಬೇಡಿ, ಅದು 120 ವೋಲ್ಟಿನದು.

ಇನ್ನು ಕೆಪಾಸಿಟರ್. ಈ ಮಾತು ಎಲ್ಲಿಂದ ಹುಟ್ಟಿತೋ, ಬಳ್ಳಾರಿಯಿಂದ ಸಿಂಧನೂರಿನವರೆಗೆ ಹಬ್ಬಿದೆ. 230ನ್ನು ಇಳಿಸಲು ಟ್ರಾನ್ಸ್‌ಫಾರ್ಮರಿನ ಬದಲು ಕೆಲವರು ಕೆಪಾಸಿಟರ್ ಅನ್ನುತ್ತಾರೆ, ಕೆಲವರು ಸೀರೀಸ್‌ನಲ್ಲಿ ಜೀರೋ ಬಲ್ಬು, ಇನ್ನೂ ಕೆಲವರು ಫ್ಯಾನಿನ ರೆಗ್ಯುಲೇಟರ್. ಮೂರೂ ಒಂದೇ ಜಾತಿಯ ತಪ್ಪು. ಕೆಪಾಸಿಟರ್ ಕರೆಂಟಿನ ಹರಿವಿಗೆ ಅಡ್ಡ ನಿಲ್ಲುತ್ತದೆ, ವೋಲ್ಟೇಜನ್ನು ಒಂದು ಮಟ್ಟಕ್ಕೆ ಇಳಿಸಿ ಹಿಡಿದಿಡುವುದು ಅದರ ಕೆಲಸವಲ್ಲ. ಡೋರ್‌ಬೆಲ್ ಸುಮ್ಮನಿದ್ದು ಸ್ವಲ್ಪವೇ ಕರೆಂಟು ಎಳೆಯುವಾಗ ಆಚೆ ತುದಿಯಲ್ಲಿ 230ರ ಹತ್ತಿರ ಹತ್ತಿರವೇ ನಿಲ್ಲುತ್ತದೆ. ಸಾಮಾನು ಸುಡುವುದಕ್ಕೆ ಅಷ್ಟು ಸಾಕು.

ಸಾಮಾನು ಸುಟ್ಟರೆ ಹೋಗಲಿ, ಮತ್ತೊಂದು ತರಬಹುದು. ನನಗೆ ಭಯ ಇರುವುದು ಬೇರೆ ಕಡೆ. ಟ್ರಾನ್ಸ್‌ಫಾರ್ಮರ್ ಒಳಗೆ ಎರಡು ಸುರುಳಿಗಳಿರುತ್ತವೆ, ಅವೆರಡರ ನಡುವೆ ತಂತಿಯ ಸಂಬಂಧವೇ ಇಲ್ಲ. ಈ ಕಡೆಯ 230 ವೋಲ್ಟು ಆ ಕಡೆಗೆ ದಾಟುವ ದಾರಿಯಿಲ್ಲ. ಕೆಪಾಸಿಟರ್ ಹಾಕಿದ ವೈರಿನಲ್ಲಿ ಆ ಗೋಡೆ ಬಿದ್ದುಹೋಯಿತು. ಮನೆಯ ಫೇಸು ನಡೆದುಕೊಂಡು ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಾಲ್ಕು ವರ್ಷದ ಹಿಂದೆ ಸಿರುಗುಪ್ಪ ರಸ್ತೆಯ ಒಂದು ಮನೆಯಲ್ಲಿ ಡೋರ್‌ಬೆಲ್ಲನ್ನು ಕಬ್ಬಿಣದ ಗ್ರಿಲ್ಲಿಗೆ ಸ್ಕ್ರೂ ಹೊಡೆದು ಕೂರಿಸಿ, ಇದೇ ಕೆಪಾಸಿಟರ್ ಉಪಾಯ ಮಾಡಿದ್ದರು. ಸ್ಕ್ರೂ ಒಂದು ವೈರನ್ನು ಕಚ್ಚಿತ್ತು. ಬೆಳಿಗ್ಗೆ ಹೊಸ್ತಿಲು ಸಾರಿಸಿ, ಒದ್ದೆ ಕೈಯಲ್ಲೇ ಗ್ರಿಲ್ಲು ಹಿಡಿದ ಆ ಮನೆಯ ತಾಯಿ ಎಸೆದಂತೆ ಹಿಂದಕ್ಕೆ ಬಿದ್ದರು. ಬದುಕಿದರು. ನಾನು ಹೋಗಿ ಟೆಸ್ಟರ್ ಇಟ್ಟರೆ ಇಡೀ ಗ್ರಿಲ್ಲಿನಲ್ಲಿ ದೀಪ ಹತ್ತುತ್ತಿತ್ತು. ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಆರ್‌ಸಿಸಿಬಿ ಮೇನ್ ಬೋರ್ಡಿನಲ್ಲಿ ಇರಲಿಲ್ಲ. ಅಂದಿನಿಂದ ಈ ಉಪಾಯ ಹೇಳುವವನನ್ನು ನಾನು ವೈರ್‌ಮನ್ ಎಂದು ಒಪ್ಪುವುದಿಲ್ಲ. ನಿಮ್ಮ ಮನೆಯಲ್ಲೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಡೋರ್‌ಬೆಲ್ಲಿಗಿಂತ ಮೊದಲು ಅದನ್ನು ಹಾಕಿಸಿ.

ಈಗ ನಿಮ್ಮ ಗುಂಯ್ ಶಬ್ದಕ್ಕೆ ಬರೋಣ. ಚೈಮ್ ಪೆಟ್ಟಿಗೆಯೊಳಗೆ ತಾಮ್ರದ ಸುರುಳಿ, ಅದರ ನಡುವೆ ಸ್ಪ್ರಿಂಗಿನ ಮೇಲೆ ಕೂತ ಕಬ್ಬಿಣದ ಕಡ್ಡಿ, ಎರಡು ಬದಿಗೆ ಎರಡು ಪಟ್ಟಿ ಇರುತ್ತವೆ. ಸುರುಳಿಗೆ ಪೂರ್ತಿ ಕರೆಂಟು ಬಂದರೆ ಕಡ್ಡಿ ಹಾರಿ ಒಂದು ಪಟ್ಟಿಗೆ ಬಡಿಯುತ್ತದೆ, ಅದು ಡಿಂಗ್. ಕರೆಂಟು ನಿಂತಾಗ ಸ್ಪ್ರಿಂಗು ಅದನ್ನು ಇನ್ನೊಂದು ಪಟ್ಟಿಗೆ ತಳ್ಳುತ್ತದೆ, ಅದು ಡಾಂಗ್. ವಿಡಿಯೊ ಡೋರ್‌ಬೆಲ್ ಇದೇ ಸುರುಳಿಯ ಮೂಲಕ ಹಗಲೂ ರಾತ್ರಿ ತನಗೆ ಬೇಕಾದ ಸ್ವಲ್ಪ ಕರೆಂಟನ್ನು ಎಳೆದುಕೊಳ್ಳುತ್ತಿರುತ್ತದೆ. ಬಟನ್ ಒತ್ತಿದಾಗ ತನ್ನ ಎರಡು ತುದಿಗಳನ್ನು ತಾನೇ ಒಂದು ಕ್ಷಣ ಕೂಡಿಸಿ ಪೂರ್ತಿ ಕರೆಂಟನ್ನು ಚೈಮಿಗೆ ಬಿಟ್ಟುಕೊಡುತ್ತದೆ. ಆ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರ್ ಸೊರಗಿದರೆ ಕಡ್ಡಿ ಪಟ್ಟಿಯವರೆಗೆ ಹೋಗುವುದಿಲ್ಲ, ಇದ್ದಲ್ಲೇ ನಡುಗುತ್ತದೆ. ನಿಮಗೆ ಕೇಳುವ ಗುಂಯ್ ಅದೇ. ಕ್ಯಾಮೆರಾ ಬಂದ್ ಆಗುವುದೂ ಅದರಿಂದಲೇ.

ಸಂಜೆಗೇ ಏಕೆ ಹೀಗೆ? 9-0-9 ಅಂದರೆ ಮೂರು ವೈರು, ನಡುವಿನದರಿಂದ ಎರಡೂ ಕಡೆಗೆ ಒಂಬತ್ತೊಂಬತ್ತು ವೋಲ್ಟು. ಹೊರಗಿನ ಎರಡು ವೈರು ಹಿಡಿದರೆ 18 ವೋಲ್ಟು. 18ನ್ನು ಅರ್ಧ ಆಂಪಿಯರಿನಿಂದ ಗುಣಿಸಿದರೆ 9 ವಿಎ, ಅಂದರೆ ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ತಾಕತ್ತಿನ ಅಳತೆ. ನಿಮ್ಮ ಥರದ ಡೋರ್‌ಬೆಲ್ಲುಗಳು ಕನಿಷ್ಠ 10, ಗರಿಷ್ಠ 40 ವಿಎ ಕೇಳುತ್ತವೆ, ಜೊತೆಗೆ ಚೈಮೂ ಬಡಿಯಬೇಕು. ಅಂದರೆ ಮುಂಜಾನೆ ಅದು ಬಾರಿಸುತ್ತಿದ್ದದ್ದೇ ಪುಣ್ಯ. ಸಂಜೆ ಎರಡು ಹೊಡೆತ ಒಟ್ಟಿಗೆ ಬೀಳುತ್ತವೆ. ಬೇಸಿಗೆಯಲ್ಲಿ ಮನೆಮನೆಗೂ ಕೂಲರು, ಎಸಿ ಹತ್ತಿದಾಗ ಲೈನಿನ ವೋಲ್ಟೇಜು 185ಕ್ಕೆ ಇಳಿಯಿತು ಅಂದುಕೊಳ್ಳಿ, ನಿಮ್ಮ 18 ವೋಲ್ಟು ಹದಿನಾಲ್ಕೂವರೆ ಆಯಿತು. ಕತ್ತಲಾದ ಮೇಲೆ ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ದೀಪಗಳನ್ನು ಹಚ್ಚಿಕೊಳ್ಳುವುದರಿಂದ ಅದರ ಹಸಿವೂ ಹೆಚ್ಚುತ್ತದೆ.

ಹಾಗಾದರೆ 12-0-12 ತಂದು 24 ವೋಲ್ಟು ಕೊಟ್ಟರಾಯಿತಲ್ಲ ಎಂದು ನಿಮ್ಮ ವೈರ್‌ಮನ್ ಮುಂದೆ ಕೇಳುತ್ತಾನೆ. ಬೇಡ. ರಾತ್ರಿ ಲೋಡು ಇಳಿದು ಲೈನು 250 ಮುಟ್ಟಿದರೆ 24 ಹೋಗಿ 26 ದಾಟುತ್ತದೆ. ನಿಮಗೆ ಬೇಕಾದದ್ದು ಅದೇ 9-0-9, ಆದರೆ 2 ಆಂಪಿಯರಿನದು. 36 ವಿಎ ಆಯಿತು, 40ರ ಒಳಗೇ ಇದೆ. ನಡುವಿನ ವೈರಿಗೆ ಟೇಪು ಸುತ್ತಿ ಬಿಡಿ. ಆಂಪಿಯರ್ ಜಾಸ್ತಿಯಾದರೆ ಡೋರ್‌ಬೆಲ್ ಸುಡುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹತ್ತು ಕೊಡ ಹಿಡಿಯುವ ಹಂಡೆಯಿಂದಲೂ ನೀವು ಒಂದು ತಂಬಿಗೆ ನೀರು ತೆಗೆದುಕೊಳ್ಳಬಹುದು. ಕೊಳ್ಳುವಾಗ ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿದು, 230ರ ವೈರಿಗೂ 9ರ ವೈರಿಗೂ ನಡುವೆ ಸಂಬಂಧ ತೋರಿಸುತ್ತದೆಯೇ ನೋಡಿ. ತೋರಿಸಿದರೆ ಅಲ್ಲೇ ಬಿಟ್ಟು ಬನ್ನಿ. ಸರಿಯಾದ ಟ್ರಾನ್ಸ್‌ಫಾರ್ಮರನ್ನು ಮುಚ್ಚಿದ ಪೆಟ್ಟಿಗೆಯಲ್ಲಿ, ಮೇನ್ ಬೋರ್ಡಿನ ಹತ್ತಿರ, 230ರ ಕಡೆ ಅರ್ಧ ಆಂಪಿಯರಿನ ಫ್ಯೂಸು ಹಾಕಿ ಕೂರಿಸಬೇಕು. ಗೋಡೆಯಲ್ಲಿ ಹುಗಿದು ಗಾರೆ ಮೆತ್ತುವುದನ್ನು ನೋಡಿದ್ದೇನೆ. ಬಿಸಿಯಾಗುವ ವಸ್ತುವಿಗೆ ಉಸಿರಾಡಲು ಜಾಗ ಬೇಕು, ಅದರಲ್ಲೂ ನಮ್ಮ ಊರುಗಳಲ್ಲಿ.

ಹಳೇ ವೈರನ್ನೂ ಬಿಡಿ. ನಮ್ಮ ಮನೆಗಳಲ್ಲಿ ಬೆಲ್ಲಿನ ಫೇಸನ್ನು ಗೇಟ್ ಲೈಟಿನ ಸ್ವಿಚ್ಚಿನಿಂದ ಲೂಪ್ ಹೊಡೆದಿರುತ್ತಾರೆ. ಒಂದು ತುದಿ ಬಿಚ್ಚಿದರೂ ಇನ್ನೊಂದು ಕಡೆಯಿಂದ ಕರೆಂಟು ಬರುತ್ತಿರುತ್ತದೆ. ಹೊಸ ವೈರನ್ನು ಬೇರೆ ಪೈಪಿನಲ್ಲಿ ಎಳೆಸಿ, 230ರ ವೈರುಗಳ ಜೊತೆ ಒಂದೇ ಪೈಪಿನಲ್ಲಿ ತುರುಕಬೇಡಿ. ಟೆಲಿಫೋನ್ ವೈರು ಸಾಲದು. ಇಪ್ಪತ್ತು ಮೀಟರು ದೂರಕ್ಕೆ ಹೋಗಿಬರುವಷ್ಟರಲ್ಲಿ ಒಂದು ಆಂಪಿಯರಿಗೆ ಮೂರೂವರೆ ವೋಲ್ಟು ಅದರಲ್ಲೇ ಕರಗುತ್ತದೆ. 1 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಒಂದು ವೋಲ್ಟೂ ಹೋಗುವುದಿಲ್ಲ.

ಕೊನೆಗೆ, ಮಗ ತಂದ ಡಬ್ಬಿಯನ್ನು ಇನ್ನೊಮ್ಮೆ ಹುಡುಕಿ. ಎರಡು ವೈರು ಹೊರಗೆ ಬಂದಿರುವ, ಬೆಂಕಿಪೊಟ್ಟಣದಂಥ ಒಂದು ಚಿಕ್ಕ ತುಂಡು ಸಿಗಬಹುದು. ಅದು ಚೈಮಿನ ಫ್ರಂಟ್ ಮತ್ತು ಟ್ರಾನ್ಸ್ ಎಂದು ಬರೆದ ಎರಡು ಸ್ಕ್ರೂಗಳ ನಡುವೆ ಕೂರಬೇಕು. ಡೋರ್‌ಬೆಲ್ಲಿನ ದಿನನಿತ್ಯದ ಕರೆಂಟು ಸುರುಳಿಯೊಳಗೆ ನುಗ್ಗದೆ ಪಕ್ಕದಿಂದ ಹೋಗಲು ಅದು ದಾರಿ. ಯಾರೂ ಒತ್ತದಿದ್ದಾಗಲೂ ಗುಂಯ್‌ಗುಡುತ್ತಿದ್ದರೆ ಅದನ್ನು ಹಾಕಿಲ್ಲ ಎಂದೇ ಲೆಕ್ಕ. ಎಲ್ಲ ಮುಗಿದ ಮೇಲೆ ಆ್ಯಪಿನಲ್ಲಿ ಚೈಮ್ ಯಾವ ಬಗೆಯದು ಎಂದು ಕೇಳುವಲ್ಲಿ ಮೆಕ್ಯಾನಿಕಲ್ ಆರಿಸಿ. ಪರೀಕ್ಷೆಯನ್ನು ಸಂಜೆ ಏಳಕ್ಕೆ ಮಾಡಿ, ಮುಂಜಾನೆಯಲ್ಲ. ಒಬ್ಬರು ಬಟನ್ ಒತ್ತುತ್ತಿರಲಿ, ವೈರ್‌ಮನ್ ಟ್ರಾನ್ಸ್‌ಫಾರ್ಮರಿನ ತುದಿಗಳಲ್ಲಿ ಮೀಟರು ಹಿಡಿಯಲಿ. ಒತ್ತಿದಾಗಲೂ 16ರ ಮೇಲೆ ನಿಂತರೆ ಕೆಲಸ ಸರಿಯಾಯಿತು. ಅದಕ್ಕಿಂತ ಇಳಿದರೆ ಲೈನಿನ ವೋಲ್ಟೇಜನ್ನೂ ಅಳೆಯಲಿ. ಲೈನೇ ಇಳಿದಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂಗೆ ದೂರು ಬರೆದುಕೊಡಿ, ಲೈನು ಸರಿಯಿದ್ದರೆ ತಪ್ಪು ಟ್ರಾನ್ಸ್‌ಫಾರ್ಮರಿನದು.

ಇಷ್ಟೆಲ್ಲ ರಗಳೆ ಯಾಕೆ ಅನ್ನಿಸಿದರೆ ಅದೂ ಸರಿಯೇ. ನನ್ನ ಸ್ವಂತ ಮನೆಯಲ್ಲಿ ಬ್ಯಾಟರಿಯ ಡೋರ್‌ಬೆಲ್ಲು, ಪ್ಲಗ್ಗಿಗೆ ಹಾಕುವ ಚೈಮು ಇದೆ. ಹಳೇ 230ರ ಬೆಲ್ಲು ತನ್ನ ಹಳೇ ಬಟನ್ನಿನ ಜೊತೆ ಬೇರೆಯಾಗಿ ಇದೆ. ಎರಡನ್ನೂ ನಾನು ಕೂಡಿಸಿಲ್ಲ.

ಪ್ರಶ್ನೆ: ಪ್ಲಗ್ಗಿನ ಚೈಮ್ ಎರಡು ವರ್ಷ ಚೆನ್ನಾಗಿತ್ತು. ರೂಟರ್ ಬದಲಿಸಿದ ದಿನದಿಂದ ಬಾರಿಸುತ್ತಿಲ್ಲ. ಸಿಗ್ನಲ್ ಹೆಚ್ಚಿಸುವ ಸ್ಟಿಕ್ಕರ್ ಅಂಟಿಸಿದೆ, ಆದರೂ ಇಲ್ಲ. (ಸಿಂಧನೂರು)

ಉತ್ತರ: ಸ್ಟಿಕ್ಕರ್ ಕಿತ್ತು ಬಿಸಾಡಿ, ಕೊಟ್ಟ ದುಡ್ಡು ಹೋಯಿತು. ಇಂಥ ಚೈಮ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಹೊಸ ರೂಟರ್ ಸಾಮಾನ್ಯವಾಗಿ 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತದೆ. ರೂಟರಿನಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟು, ಡೋರ್‌ಬೆಲ್ಲನ್ನೂ ಚೈಮನ್ನೂ ಅದಕ್ಕೇ ಹೊಸದಾಗಿ ಜೋಡಿಸಿ. ಗೋಡೆ ಎರಡಡಿ ದಪ್ಪದ ಕಲ್ಲಿನದಾಗಿದ್ದರೆ, ಅಥವಾ ಬಾಗಿಲಿಗೆ ಕಬ್ಬಿಣದ ತಗಡು ಹೊಡೆದಿದ್ದರೆ, ರೂಟರನ್ನು ಪಡಸಾಲೆಗೆ ತನ್ನಿ. ಕಲ್ಲಿಗೂ ತಗಡಿಗೂ ಸ್ಟಿಕ್ಕರ್ ಔಷಧವಲ್ಲ.

ಪ್ರಶ್ನೆ: ಮೊಬೈಲ್ ಚಾರ್ಜರಿನಿಂದ ವೈರಿನ ಡೋರ್‌ಬೆಲ್ ನಡೆಸಬಹುದೇ? (ಮಾನ್ವಿ)

ಉತ್ತರ: ಇಲ್ಲ. ಅದು 5 ವೋಲ್ಟ್ ಡಿಸಿ.

ಪ್ರಶ್ನೆ: ಕರೆಂಟು ಹೋದಾಗ ಚೈಮ್ ಸುಮ್ಮನಿರುತ್ತದೆ. ಡೋರ್‌ಬೆಲ್ಲಿನಲ್ಲಿ ಬ್ಯಾಟರಿ ಇದೆಯಲ್ಲ? (ಕೊಪ್ಪಳ)

ಉತ್ತರ: ಬ್ಯಾಟರಿ ಇರುವುದು ಬಾಗಿಲಲ್ಲಿ. ಚೈಮೂ ರೂಟರೂ ಗೋಡೆಯ ಪ್ಲಗ್ಗನ್ನೇ ನಂಬಿವೆ. ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ, ಅದನ್ನು ಹಾಕಿದರೆ ಫೋನಿಗೆ ಕರೆ ಬರುತ್ತದೆ. ಚೈಮ್ ಕೂಡ ಬಾರಿಸಬೇಕೆಂದರೆ ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಬದಲಿಸಿ. ವಯಸ್ಸಾದವರು ಒಬ್ಬರೇ ಇರುವ ಮನೆಯಾದರೆ ಬ್ಯಾಟರಿ ಸೆಲ್ಲಿನ ಸಾದಾ ವೈರ್‌ಲೆಸ್ ಬೆಲ್ಲೊಂದನ್ನು ಪಕ್ಕದಲ್ಲೇ ಹಾಕಿಡಿ.

ಪ್ರಶ್ನೆ: ಏಪ್ರಿಲ್ ಬಂದರೆ ಮಧ್ಯಾಹ್ನ ಯಾರಾದರೂ ಬಂದರೂ ಡೋರ್‌ಬೆಲ್ ತಾನಾಗಿ ಸೂಚನೆ ಕೊಡುವುದಿಲ್ಲ, ಚಾರ್ಜೂ ಏರುವುದಿಲ್ಲ. ಕೆಟ್ಟಿದೆಯೇ? (ರಾಯಚೂರು)

ಉತ್ತರ: ಕೆಟ್ಟಿಲ್ಲ. ಇಂಥ ಸಾಧನಗಳ ಪಿಐಆರ್ ಸೆನ್ಸರ್ ಮನುಷ್ಯನ ಮೈಬಿಸಿಗೂ ಹಿನ್ನೆಲೆಯ ಬಿಸಿಗೂ ಇರುವ ವ್ಯತ್ಯಾಸ ನೋಡಿ ಗುರುತು ಹಿಡಿಯುತ್ತದೆ. ಎದುರಿನ ಗೋಡೆ, ಅಂಗಳ ಎಲ್ಲ ಮೈಯಷ್ಟೇ ಕಾದಾಗ ವ್ಯತ್ಯಾಸವೇ ಉಳಿಯುವುದಿಲ್ಲ. ಲಿಥಿಯಂ ಬ್ಯಾಟರಿ ಸುಮಾರು 45 ಡಿಗ್ರಿ ದಾಟಿದರೆ ಚಾರ್ಜ್ ತೆಗೆದುಕೊಳ್ಳದಂತೆ ಒಳಗೇ ತಡೆ ಇರುತ್ತದೆ, ಅದು ನಿಮ್ಮ ಒಳ್ಳೆಯದಕ್ಕೇ. ಪಡುವಣ ಬಿಸಿಲು ಬೀಳದಂತೆ ಮೇಲೆ ಒಂದು ಮರೆ ಕಟ್ಟಿಸಿ, ಬ್ಯಾಟರಿ ತೆಗೆದು ರಾತ್ರಿ ಒಳಗೆ ಚಾರ್ಜ್ ಮಾಡಿ. ಫ್ರಿಜ್ಜಿನಲ್ಲಿಟ್ಟು ತಂಪು ಮಾಡುವ ಸಲಹೆ ಯಾರೋ ಕೊಟ್ಟರು ಎಂದು ಬರೆದಿದ್ದೀರಿ. ತೇವ ಕೂತು ಬ್ಯಾಟರಿ ಹಾಳಾಗುತ್ತದೆ, ಮಾಡಬೇಡಿ.

ಪ್ರಶ್ನೆ: ಬಟನ್ ಒತ್ತಿದರೆ ಅಂಟಿಕೊಂಡೇ ಇರುತ್ತದೆ. (ಸಂಡೂರು)

ಉತ್ತರ: ಅದಿರಿನ ಧೂಳು. ಒಣ ಬ್ರಷ್ಷಿನಿಂದ ತೆಗೆಯಿರಿ, ಎಣ್ಣೆ ಬಿಡಬೇಡಿ.

ಪ್ರಶ್ನೆ: ರಾತ್ರಿ ಎರಡು ಗಂಟೆಗೆ ವೈರ್‌ಲೆಸ್ ಚೈಮ್ ತಾನಾಗಿ ಬಾರಿಸುತ್ತದೆ, ವಿಡಿಯೊದಲ್ಲಿ ಯಾರೂ ಇಲ್ಲ. ಒಬ್ಬರು ಬಂದು ನೋಡಿ, ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಲು ಮೂರು ಸಾವಿರ ಕೇಳುತ್ತಿದ್ದಾರೆ. ಮನೆಯಲ್ಲಿ ಹೆಂಗಸರು ಹೆದರಿದ್ದಾರೆ. (ಕುಷ್ಟಗಿ)

ಉತ್ತರ: ಮೂರು ರೂಪಾಯಿಯನ್ನೂ ಕೊಡಬೇಡಿ. ಹೆದರಿದವರ ಹತ್ತಿರ ದುಡ್ಡು ಕೀಳುವ ಈ ಜನರನ್ನು ಹೊಸ್ತಿಲು ದಾಟಿಸಬೇಡಿ. ನಿಮ್ಮ ಬೀದಿಯಲ್ಲಿ ಇನ್ನೊಬ್ಬರ ಮನೆಗೆ ಅಂಥದೇ ಬೆಲ್ಲು ಬಂದಿರಬಹುದು. ಅಗ್ಗದ ವೈರ್‌ಲೆಸ್ ಬೆಲ್ಲುಗಳಲ್ಲಿ ಬಹಳಷ್ಟು 433 ಮೆಗಾಹರ್ಟ್ಸ್‌ನಲ್ಲೇ ಮಾತಾಡುತ್ತವೆ, ಸಂಕೇತವೂ ಒಂದೇ ಆಗಿಬಿಡುವುದುಂಟು. ನಿಮ್ಮ ಹೊರಗಿನ ಬಟನ್ನಿನ ಸೆಲ್ಲು ತೆಗೆದು ಒಂದು ರಾತ್ರಿ ನೋಡಿ. ಆಗಲೂ ಬಾರಿಸಿದರೆ ಬೇರೆ ಮನೆಯ ಬಟನ್ನು, ಚೈಮಿನ ಜೋಡಣೆ ಅಳಿಸಿ ಬೇರೆ ಸಂಕೇತಕ್ಕೆ ಹೊಸದಾಗಿ ಜೋಡಿಸಿ. ಬಾರಿಸದಿದ್ದರೆ ನಿಮ್ಮ ಬಟನ್ನಿನೊಳಗೆ ತೇವವೋ ಇರುವೆಯೋ ಸೇರಿರಬಹುದು, ಬಿಚ್ಚಿ ಒಣಗಿಸಿ. ಏನು ಕಂಡಿತು ಎಂದು ಮನೆಯ ಹೆಂಗಸರಿಗೂ ಕರೆದು ತೋರಿಸಿ.

ಪ್ರಶ್ನೆ: ವಾಸ್ತು ಪ್ರಕಾರ ಚೈಮ್ ಯಾವ ಮೂಲೆಯಲ್ಲಿರಬೇಕು? (ಬಳ್ಳಾರಿ)

ಉತ್ತರ: ಅಡುಗೆಮನೆಯಲ್ಲಿ ಮಿಕ್ಸರ್ ತಿರುಗುತ್ತಿರುವಾಗಲೂ ಕೇಳಿಸುವ ಜಾಗದಲ್ಲಿ, ನೀರು ಸಿಡಿಯದಷ್ಟು ದೂರದಲ್ಲಿ.