ರೋಮಾಪುರದವರಿಗೆ 13 ಓದಿದ ಕ್ರೈಸ್ತ ಸರ್ಕಾರವನ್ನು ಪ್ರಶ್ನಿಸಬಾರದೇ?

ಪ್ರಶ್ನಿಸಬಹುದು. ಕಾರವಾರದಲ್ಲಿ ಬಂದರು ವಿಸ್ತರಣೆ ವಿರೋಧಿಸಿ ಮೀನುಗಾರರ ಜೊತೆ ಧರಣಿ ಕೂತರೆ, ಅಧಿಕಾರಿಗಳಿಗೆ ಅಧೀನರಾಗಿರಬೇಕೆಂಬ ಬೈಬಲಿನ ರೋಮಾಪುರದವರಿಗೆ 13:1ನ್ನು (13ನೇ ಅಧ್ಯಾಯದ 1ನೇ ವಚನ) ಮೀರಿದಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಆ ಒಂದು ವಚನವನ್ನಷ್ಟೇ ಕಿತ್ತು ಓದಿದಾಗ ಹಾಗೆ ಅನ್ನಿಸುತ್ತದೆ.

ಇದು ಅಪೊಸ್ತಲ ಪೌಲ ರೋಮಿನ ಕ್ರೈಸ್ತರಿಗೆ ಬರೆದ ಪತ್ರ, ಅದರಲ್ಲಿ ಅಧ್ಯಾಯಗಳೇ ಇರಲಿಲ್ಲ. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳು 1551ರವು. ಆದ್ದರಿಂದ 12:14ರಿಂದ 13:10ರವರೆಗೆ ಎಲ್ಲೂ ನಿಲ್ಲಿಸದೆ, ಸಾಧ್ಯವಾದರೆ ಗಟ್ಟಿಯಾಗಿ ಓದಿ. 12:19ರಲ್ಲಿ ನೀವೇ ಸೇಡು ತೀರಿಸಿಕೊಳ್ಳಬೇಡಿ ಎಂದಿದೆ. ಕೆಟ್ಟದ್ದು ಮಾಡಿದವನನ್ನು ದಂಡಿಸುವ ಹೊಣೆ ಅಧಿಕಾರಿಯದು ಎಂದು 13:4 ಅದನ್ನೇ ಮುಂದುವರಿಸುತ್ತದೆ. ಅಧಿಕಾರಿ ಇರುವುದು ನಿನ್ನ ಹಿತಕ್ಕಾಗಿ ಎಂಬ ಅಳತೆಗೋಲೂ ಅದೇ ವಚನದಲ್ಲಿದೆ. ಪ್ರವಚನಗಳಲ್ಲಿ ಈ ಭಾಗವೇ ಸಾಮಾನ್ಯವಾಗಿ ಜಾರಿಹೋಗುವುದು!

ಆಮೇಲೆ ಪೌಲ ಸ್ವತಃ ಹೇಗೆ ನಡೆದುಕೊಂಡ ಎಂದು ನೋಡಿ. ಬೈಬಲಿನ ಇನ್ನೊಂದು ಪುಸ್ತಕ ಅಪೊಸ್ತಲರ ಕೃತ್ಯಗಳು 16:37ರಲ್ಲಿ, ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಫಿಲಿಪ್ಪಿ ಪಟ್ಟಣದ ಅಧಿಕಾರಿಗಳು ಗುಟ್ಟಾಗಿ ಹೊರಟುಹೋಗು ಎಂದಾಗ ಆತ ಕದಲಲಿಲ್ಲ. ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದ. ಅವರು ಬಂದು ಸಮಾಧಾನದ ಮಾತಾಡಿ ಕರೆದೊಯ್ದರು.

ಸ್ವಂತ ಓದಿನಲ್ಲೂ ಜನ ಎಡವುತ್ತಾರೆ, ಅದೂ ಇದೇ ರೀತಿ ಒಂದೇ ವಚನ ಕಿತ್ತುಕೊಂಡು. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂಬ ಕೃತ್ಯಗಳು 5:29 ಬಂದದ್ದು ಯೇಸುವಿನ ಹೆಸರಿನಲ್ಲಿ ಬೋಧಿಸಬೇಡಿ ಎಂಬ ತಡೆಯಾಜ್ಞೆಗೆ ಉತ್ತರವಾಗಿ. ತೆರಿಗೆ ತಪ್ಪಿಸಲು ಅದನ್ನು ಎತ್ತಿಕೊಂಡರೆ ತೆರಿಗೆ ಕೊಡಿ ಎನ್ನುವ ರೋಮಾಪುರದವರಿಗೆ 13:6-7 ಅಡ್ಡ ನಿಲ್ಲುತ್ತದೆ.