ಅರವತ್ತು ಲಕ್ಷ ಎಂದು ಬರೆದರೂ ಮನಸ್ಸು ಕಲಕದಿದ್ದಾಗ

ನಾಜಿಗಳು ನಡೆಸಿದ ಹತ್ಯಾಕಾಂಡವಾದ ಹಾಲೊಕಾಸ್ಟ್ ಕುರಿತ ಕಾಲೇಜು ಪ್ರಬಂಧದಲ್ಲಿ ಅರವತ್ತು ಲಕ್ಷ ಯಹೂದಿಗಳ ಕೊಲೆ ಎಂದು ಬರೆದರೂ ಏನೂ ಅನ್ನಿಸಲಿಲ್ಲ, ನನ್ನದು ಕಲ್ಲುಮನಸ್ಸೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಅಷ್ಟು ದೊಡ್ಡ ಸಂಖ್ಯೆ ಯಾರ ಮನಸ್ಸಿನ ಹಿಡಿತಕ್ಕೂ ಸಿಗದು.

ನಾನು ಇದೇ ವಿಷಯದ ಪ್ರಬಂಧವನ್ನು ಒಂದೇ ರಾತ್ರಿಯಲ್ಲಿ ಅಲ್ಲಿ ಇಲ್ಲಿ ನೋಡಿ ಬರೆದು ಒಪ್ಪಿಸಿದ್ದೆ. ಒಳ್ಳೆಯ ಅಂಕಗಳೇ ಬಂದವು. ಆಮೇಲೆ ಪೋಲೆಂಡಿನ ವಾರ್ಸಾ ನಗರದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊದ ಗುಪ್ತ ದಾಖಲೆಗಳ ಬಗ್ಗೆ ಓದಿದೆ. ಆ ಅಂಕಗಳನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಇತಿಹಾಸಕಾರ ಎಮಾನುಯೆಲ್ ರಿಂಗಲ್‌ಬ್ಲುಮ್ ಮತ್ತು ಸಂಗಡಿಗರು ಅಲ್ಲಿ ದಿನಚರಿಗಳು, ಪಡಿತರ ಚೀಟಿಗಳು, ಮಿಠಾಯಿ ಸುತ್ತಿದ ಕಾಗದಗಳನ್ನೆಲ್ಲ ಕೂಡಿಟ್ಟರು. ಮಕ್ಕಳು ಬರೆದ ಶಾಲಾ ಪ್ರಬಂಧಗಳೂ ಅದರಲ್ಲಿದ್ದವು. 1942ರ ಆಗಸ್ಟ್‌ನಲ್ಲಿ, ಟ್ರೆಬ್ಲಿಂಕಾ ಎಂಬ ಕೊಲೆ ಶಿಬಿರಕ್ಕೆ ಜನರನ್ನು ತುಂಬಿಕೊಂಡು ರೈಲುಗಳು ಹೊರಡುತ್ತಿದ್ದಾಗಲೇ, ಒಬ್ಬ ಮೇಷ್ಟ್ರು ತಮ್ಮ ಇಬ್ಬರು ಹಳೆಯ ವಿದ್ಯಾರ್ಥಿಗಳ ಜೊತೆ ಸೇರಿ ಈ ದಾಖಲೆಗಳನ್ನು ಹತ್ತು ಲೋಹದ ಪೆಟ್ಟಿಗೆಗಳಲ್ಲಿಟ್ಟು ಶಾಲಾ ಕಟ್ಟಡದ ಕೆಳಗೆ ಹೂತರು. ಆ ಹುಡುಗರಲ್ಲಿ ಒಬ್ಬನಾದ ಡೇವಿಡ್ ಗ್ರಾಬರ್‌ಗೆ ಆಗ 19 ವರ್ಷ. ನಮ್ಮದೇ ವಯಸ್ಸು! ಮಣ್ಣಿಗೆ ಹಾಕುವ ಮುನ್ನ ಅವನೂ ತನ್ನ ಮಾತನ್ನು ಬರೆದು ಪೆಟ್ಟಿಗೆಯೊಳಗಿಟ್ಟ. 1946ರಲ್ಲಿ ಪೆಟ್ಟಿಗೆಗಳು ಸಿಕ್ಕವು, ಅವನು ಉಳಿದಿರಲಿಲ್ಲ. ಇನ್ನಷ್ಟು ದಾಖಲೆಗಳನ್ನು ತುಂಬಿ 1943ರಲ್ಲಿ ಹೂತಿದ್ದ ಎರಡು ಹಾಲಿನ ಕ್ಯಾನುಗಳು 1950ರಲ್ಲಿ ದೊರೆತವು.

ನಿಮ್ಮ ಪ್ರಬಂಧ ಒಪ್ಪಿಸಲು ಇನ್ನೂ ಹತ್ತು ದಿನಗಳಿವೆ ಎಂದಿದ್ದೀರಿ. ಅಂಕಿಅಂಶಗಳ ಭಾಗ ಹಾಗೆಯೇ ಇರಲಿ. ಒಂದು ಬೀದಿಯನ್ನೋ ಒಬ್ಬ ಹುಡುಗನನ್ನೋ ಆರಿಸಿಕೊಂಡು ಎರಡು ಪುಟಗಳನ್ನು ಯಾವುದನ್ನೂ ನಕಲು ಮಾಡದೆ ಬರೆಯಿರಿ. ಗ್ರಾಬರ್‌ನಿಂದಲೇ ಶುರುಮಾಡಬಹುದು.